ಜಾಮಾ ಮಸೀದಿಯ ಅಂಗಳದಲ್ಲಿ ಇಫ್ತಾರ್

ರಂಜಾನ್ ತಿಂಗಳಲ್ಲಿ ಹಳೇ ದೆಹಲಿಗೆ ಹೋಗಿ ಬಂದವರೆಲ್ಲ ಜಾಮಾ ಮಸೀದಿ ಎದುರಿನ ಮಟಿಯಾ ಮಹಲ್ ಗಲ್ಲಿಯ ಕಬಾಬ್, ನಿಹಾರಿ ಬಗ್ಗೆಯೇ ಮಾತಾಡುತ್ತಾರೆ. ಮೊಬೈಲ್ ಹಿಡಿದು ವಿಡಿಯೋ ಮಾಡುವವರೂ ನೇರ ಅಲ್ಲಿಗೇ ನುಗ್ಗುತ್ತಾರೆ. ನನ್ನ ಕೇಳಿದರೆ, ಇಫ್ತಾರ್‌ಗೆ, ಅಂದರೆ ಸೂರ್ಯ ಮುಳುಗಿ ಉಪವಾಸ ಬಿಡುವ ಹೊತ್ತಿಗೆ, ಒಂದು ಗಂಟೆ ಮೊದಲೇ ಹೋಗಿ ಜಾಮಾ ಮಸೀದಿಯ ಮೆಟ್ಟಿಲು ಹತ್ತಿ. ಗಲ್ಲಿ ಎಲ್ಲಿಗೂ ಓಡಿಹೋಗಲ್ಲ.

ದೆಹಲಿಯಲ್ಲೇ ಕೆಲಸ ಮಾಡುವ ಕಲಬುರಗಿಯ ಗೆಳೆಯನೊಬ್ಬ ನನ್ನನ್ನು ಕರೆದುಕೊಂಡು ಹೋಗಿದ್ದ. ಅವನಿಗೆ ರೋಜಾ (ರಂಜಾನ್ ಉಪವಾಸ), ನನಗೆ ಮಧ್ಯಾಹ್ನದ ಊಟ ಆಗಿತ್ತು. ನೇರಳೆ ಮಾರ್ಗದ ಮೆಟ್ರೋದಲ್ಲಿ ಜಾಮಾ ಮಸೀದಿ ಅಂತಲೇ ಒಂದು ನಿಲ್ದಾಣವಿದೆ, ಅಲ್ಲಿ ಇಳಿದರೆ ನಡೆಯುವಷ್ಟು ದೂರ. ದಾರಿಯಲ್ಲಿ ಖರ್ಜೂರ, ಬಾಳೆಹಣ್ಣು, ಪಕೋಡ ಕಟ್ಟಿಸಿಕೊಂಡೆವು.

ಷಹಜಹಾನ್ 1644ರಲ್ಲಿ ಶುರು ಮಾಡಿಸಿ 1656ರಲ್ಲಿ ಮುಗಿಸಿದ ಮಸೀದಿ ಇದು. ಅಂಗಳದಲ್ಲೇ ಸುಮಾರು 25,000 ಜನ ಹಿಡಿಸುತ್ತಾರಂತೆ. ಆ ಸಂಜೆ ಅಷ್ಟೂ ಕೆಂಪು ಕಲ್ಲಿನ ನೆಲದ ಮೇಲೆ ಚಾಪೆ, ಬೆಡ್‌ಶೀಟ್, ಪ್ಲಾಸ್ಟಿಕ್ ಹಾಳೆ ಹಾಸಿಕೊಂಡು ಕುಟುಂಬಗಳು ಕುಳಿತಿದ್ದವು. ಅಜ್ಜಿಯರು ಹಣ್ಣು ಹೆಚ್ಚುತ್ತಿದ್ದರು, ಹೆಣ್ಣುಮಕ್ಕಳು ಬಕೆಟ್ಟಿನಲ್ಲೇ ರೂಹ್ ಅಫ್ಜಾ ಕಲಸುತ್ತಿದ್ದರು (ಈ ಕೆಂಪು ಶರಬತ್ತು ಹುಟ್ಟಿದ್ದೂ ಇದೇ ಹಳೇ ದೆಹಲಿಯಲ್ಲಿ, 1906ರ ಸುಮಾರಿಗೆ, ಹಮ್‌ದರ್ದ್ ದವಾಖಾನೆಯ ಹಕೀಮರೊಬ್ಬರ ಕೈಯಲ್ಲಿ), ಚಿಕ್ಕ ಮಕ್ಕಳು ಮಾತ್ರ ಯಾವ ಚಿಂತೆಯೂ ಇಲ್ಲದೆ ಕೊಳದ ಸುತ್ತ ಓಡುತ್ತಿದ್ದರು. ಹಸಿದವರು ಸಿಡಿಮಿಡಿ ಅನ್ನುತ್ತಿರುತ್ತಾರೆ ಅಂದುಕೊಂಡಿದ್ದೆ. ಅಲ್ಲಿದ್ದದ್ದು ಜಾತ್ರೆಯ ಸಡಗರ.

ನಾವು ಕುಳಿತು ಐದು ನಿಮಿಷವಾಗಿರಲಿಲ್ಲ, ಅಕ್ಕಪಕ್ಕದ ತಟ್ಟೆಗಳು ನಮ್ಮ ಕಡೆ ಬರತೊಡಗಿದವು. ಹಣ್ಣಿನ ಚಾಟ್, ಒಗ್ಗರಣೆ ಹಾಕಿದ ಕಡಲೆ, ಸಮೋಸ. 'ನನಗೆ ರೋಜಾ ಇಲ್ಲ' ಅಂದೆ. 'ಪರವಾಗಿಲ್ಲ ಭಾಯಿ ಸಾಬ್, ತಗೊಳ್ಳಿ' ಎಂದರು ಒಬ್ಬ ಹಿರಿಯರು. ರೋಜಾ ಇದ್ದವರ ಬಾಯಿಗೆ ಮೊದಲ ತುತ್ತು ಕೊಟ್ಟವರಿಗೂ ರೋಜಾದಷ್ಟೇ ಪುಣ್ಯ ಅನ್ನುವ ನಂಬಿಕೆ ಇದೆ, ಹಾಗಾಗಿ ಹಂಚುವುದರಲ್ಲೇ ಪೈಪೋಟಿ. ಒಂಟಿಯಾಗಿ ಬಂದ ಕೂಲಿಯವರು, ರಿಕ್ಷಾದವರು ಯಾವ ಚಾಪೆಯಲ್ಲಿ ಬೇಕಾದರೂ ಕೂರಬಹುದು. ಯಾರೂ ಯಾಕೆ ಅಂತ ಕೇಳಲ್ಲ.

ಆಮೇಲೆ ಕಾಯುವುದು. ತಟ್ಟೆ ತುಂಬಿದೆ, ಖರ್ಜೂರ ಕೈಯಲ್ಲಿದೆ, ಆದರೂ ಯಾರೂ ಬಾಯಿಗಿಡುವುದಿಲ್ಲ. ಮಾತು ತಾನಾಗೇ ಕಡಿಮೆಯಾಗುತ್ತದೆ, ಕೆಲವರು ಅಂಗೈ ಎತ್ತಿ ದುವಾ ಮಾಡುತ್ತಾರೆ. ಅಷ್ಟರಲ್ಲಿ ಢಂ ಅಂತ ಪಟಾಕಿಯ ದೊಡ್ಡ ಸದ್ದು, ಮಿನಾರುಗಳ ದೀಪ ಹೊತ್ತಿಕೊಂಡವು, ಅಜಾನ್ ಶುರುವಾಯಿತು. ಪ್ರವಾದಿಯವರು ಖರ್ಜೂರದಿಂದ, ಅದಿಲ್ಲದಿದ್ದರೆ ನೀರಿನಿಂದ ಉಪವಾಸ ಬಿಡುತ್ತಿದ್ದರಂತೆ, ಹಾಗಾಗಿ ಎಲ್ಲರದ್ದೂ ಅದೇ ಕ್ರಮ. ನಾನು ಪಕೋಡಕ್ಕೆ ಕೈ ಹಾಕುವುದನ್ನು ಕಂಡು ಗೆಳೆಯ ನಕ್ಕ: 'ಮೊದ್ಲ ಖರ್ಜೂರ ತಗೋ, ನೀರ ಕುಡಿ. ಪಕೋಡ ಆಮ್ಯಾಗ.'

ನಿಜ ಹೇಳಬೇಕೆಂದರೆ ಇಫ್ತಾರ್ ಅನ್ನುವುದು ಅಲ್ಲಿಗೆ ಹತ್ತು ನಿಮಿಷದ ಕೆಲಸ. ಯಾರೂ ಗಬಗಬ ತಿನ್ನಲಿಲ್ಲ. ಎರಡು ಖರ್ಜೂರ, ಒಂದು ಲೋಟ ಶರಬತ್ತು, ಒಂದಿಷ್ಟು ಹಣ್ಣು, ಅಷ್ಟರಲ್ಲೇ ಮಗ್ರಿಬ್, ಅಂದರೆ ಮುಸ್ಸಂಜೆಯ ನಮಾಜಿಗೆ ಸಾಲು ನಿಂತಿತು. ನಾನು ಪಕ್ಕಕ್ಕೆ ಸರಿದು ಚಪ್ಪಲಿ, ಚೀಲ ಕಾಯುತ್ತಾ ಕುಳಿತೆ.

ಆಮೇಲೆ ಮಟಿಯಾ ಮಹಲ್ ಗಲ್ಲಿಗೂ ಹೋದೆವು ಅನ್ನಿ. ಹೊಗೆ, ನೂಕುನುಗ್ಗಲು, ಕಲ್ಲಂಗಡಿ ತುಂಡು ಹಾಕಿದ ಹಾಲಿನ ಶರಬತ್ತು, ಸಹರಿಗೆಂದು (ಬೆಳಕು ಹರಿಯುವ ಮೊದಲಿನ ಊಟ) ರಾಶಿ ಹಾಕಿದ ಖಜಲಾ, ಫೇಣಿ ಅನ್ನುವ ಕರಿದ ತಿನಿಸುಗಳು. ಶರಬತ್ತು ನನಗೆ ಸಿಹಿ ಜಾಸ್ತಿಯಾಯಿತು.

ವಾಪಸ್ ಬರುವಾಗ ಗೆಳೆಯ ಹಳೆಯ ರೋಜಾಗಳ ಕಥೆ ತೆಗೆದ. ಚಾಂದ್ರಮಾನದ ಲೆಕ್ಕವಾದ್ದರಿಂದ ರಂಜಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಬರುತ್ತದೆ. 2016, 2017ರಲ್ಲಿ ಅದು ಜೂನ್ ತಿಂಗಳಲ್ಲಿತ್ತು. ದೆಹಲಿಯ ಆ ಸೆಖೆಯಲ್ಲಿ ಹದಿನೈದು ಗಂಟೆಗೂ ಜಾಸ್ತಿ ಒಂದು ಹನಿ ನೀರಿಲ್ಲ. ಕಲಬುರಗಿಯಲ್ಲಿ ಬಿಸಿಲು ಅಷ್ಟೇ ಇದ್ದರೂ ಹಗಲು ಸುಮಾರು ಒಂದು ಗಂಟೆ ಕಡಿಮೆ, ಅದೇ ದೊಡ್ಡ ಸಮಾಧಾನ ಅಂತ ಅವನ ವಾದ. 2030ರಲ್ಲಂತೂ ಜನವರಿಯಲ್ಲೊಮ್ಮೆ, ಡಿಸೆಂಬರ್ ಕೊನೆಯಲ್ಲಿ ಇನ್ನೊಮ್ಮೆ ರಂಜಾನ್ ಶುರುವಾಗುತ್ತದೆ. ಚಳಿಗಾಲ, ಸಣ್ಣ ಹಗಲು, ಸಂಜೆ ಐದೂವರೆಗೆಲ್ಲ ಇಫ್ತಾರ್. ಆಗ ಮತ್ತೆ ಬಾ, ಆದರೆ ಸ್ವೆಟರ್ ತಗೊಂಡು ಬಾ ಅಂದ.