ತಪ್ಪು ಹೇಳೋರು ಯಾರು?

ಮೊನ್ನೆ ಮಂಡ್ಯ ಕಡೆಯ ಒಂದು ಹಾಲಿನ ಸಂಘದ ಮಹಾಸಭೆ. ಬೋನಸ್ ಲೆಕ್ಕ ಓದಿ ಮುಗಿಯುವ ಹೊತ್ತಿಗೆ ಹಿಂದಿನ ಸಾಲಿನ ಹಿರಿಯರೊಬ್ಬರು ಎದ್ದರು. ಕೈಯಲ್ಲಿ ಬೆವರಿಗೆ ಮೆತ್ತಗಾದ ಹಾಲಿನ ಚೀಟಿ, ಅದರಲ್ಲಿ ಹಾಲಿನ ದರ ಗೊತ್ತುಮಾಡುವ ಫ್ಯಾಟಿನ ಅಂಕಿ ಅರ್ಧ ಅಳಿಸಿತ್ತು.

"ಅಧ್ಯಕ್ಷರೇ, ನೀವ್ ತಪ್ ಮಾಡುದ್ರೆ ನಿಮ್ಗೆ ಯೋಳೋರ್ ಯಾರು?"

"ನೀನೇ ಯೋಳಣ್ಣೋ!"

ಸಭೆಯೆಲ್ಲ ನಕ್ಕಿತು. ಹಿರಿಯರು ಕೂತರು. ಉಪ್ಪಿಟ್ಟು ಬಂತು.

ಅಧ್ಯಕ್ಷರು ಕೆಟ್ಟವರೇನಲ್ಲ, ಸುತ್ತ ಹೊಗಳುಭಟರನ್ನು ಸಾಕಿಕೊಂಡಿರುವ ಒಳ್ಳೆಯವರು. ಆದರೆ ಆ ಪ್ರಶ್ನೆ ನಗುವಂಥದ್ದಲ್ಲ. ಅದಕ್ಕೆಂದೇ ಒಂದು ಹುದ್ದೆಯನ್ನು ಕ್ಯಾಥೊಲಿಕ್ಕರ ಯೇಸುಸಭೆ, ಅಂದರೆ ಜೆಸ್ವಿಟರು, ಶತಮಾನಗಳಿಂದ ಇಟ್ಟುಕೊಂಡು ಬಂದಿದ್ದಾರೆ. 1521ರಲ್ಲಿ ಸ್ಪೇನಿನ ಪಾಂಪ್ಲೋನಾದ ಕೋಟೆಯಲ್ಲಿ ಫಿರಂಗಿ ಗುಂಡಿಗೆ ಕಾಲು ಮುರಿದುಕೊಂಡ ಇಗ್ನೇಷಿಯಸ್ ಲೊಯೋಲ ಕಟ್ಟಿ, 1540ರಲ್ಲಿ ಪೋಪರ ಒಪ್ಪಿಗೆ ಪಡೆದ ಸಭೆ ಅದು. ವಿಧೇಯತೆಗೆ ಹೆಸರಾದವರು. ಬಾಯಿ ಮುಚ್ಚಿಕೊಂಡು ಕೇಳುವವರು ಹೆಚ್ಚಿದ್ದಲ್ಲಿ ತಪ್ಪು ಹೇಳಲು ಒಬ್ಬನನ್ನು ಗೊತ್ತು ಮಾಡಲೇಬೇಕಾಗುತ್ತದೆ.

ಆ ಹುದ್ದೆಗೆ ಅಡ್ಮೊನಿಟರ್ ಅಂತ ಹೆಸರು, ಎಚ್ಚರಿಸುವವನು. ಇಡೀ ಸಭೆಯ ಮುಖ್ಯಸ್ಥರಾದ ಜನರಲ್ ಇವನನ್ನು ಆರಿಸಿಕೊಳ್ಳುವಂತಿಲ್ಲ. ಜನರಲ್‌ರನ್ನು ಆರಿಸುವ ಮಹಾಸಭೆಯೇ ಆರಿಸುತ್ತದೆ. ಗುಟ್ಟಿರುವುದೇ ಅಲ್ಲಿ. ಅವನಿಗೆ ಆಜ್ಞೆ ಮಾಡುವ ಅಧಿಕಾರವಿಲ್ಲ, ಮುಖಕ್ಕೆ ಮುಖ ಕೊಟ್ಟು ಹೇಳುವ ಕೆಲಸ ಮಾತ್ರ. ಪಾದ್ರಿಗಳು ಒಟ್ಟಿಗಿರುವ ಕೆಳಗಿನ ಮನೆಗಳಲ್ಲೂ ಸುಪೀರಿಯರ್‌ಗೆ, ಅಂದರೆ ಮನೆಯ ಮುಖ್ಯಸ್ಥನಿಗೆ, ಸಲಹೆಗಾರರಿರುತ್ತಾರೆ. ಅವರ ಮಾತಿಗೆ ಆತ ಕಟ್ಟುಬೀಳಬೇಕಿಲ್ಲ, ನಿಜ. ಆದರೆ ಮನೆ ಹೇಗೆ ನಡೆಯುತ್ತಿದೆ ಎಂದು ಅವರು ಮೇಲಿನವರಿಗೆ ನೇರವಾಗಿ ಪತ್ರ ಬರೆಯುತ್ತಾರೆ.

ಜನರಲ್ ಆಯ್ಕೆಗೆ ಮುಂಚೆ ನಾಲ್ಕು ದಿನ ಆರಿಸುವವರು ಒಬ್ಬರನ್ನೊಬ್ಬರು ಒಂಟಿಯಾಗಿ ಕಂಡು ವಿಚಾರಿಸುತ್ತಾರೆ: ಇಂಥವರ ಗುಣವೇನು, ಆರೋಗ್ಯವೇನು ಅಂತ. ಪ್ರಚಾರಕ್ಕೆ ಅವಕಾಶವಿಲ್ಲ. ಹುದ್ದೆಗೆ ಆಸೆಪಡುವುದಿಲ್ಲ, ಪಡುವವನು ಕಂಡರೆ ತಿಳಿಸುತ್ತೇನೆ ಎಂಬ ವ್ರತವೂ ಉಂಟು. ನಮ್ಮಲ್ಲಾದರೆ ನಿರ್ದೇಶಕರನ್ನು ತುಂಬಿಕೊಂಡ ಟೆಂಪೊ ಟ್ರಾವೆಲರ್ ಆ ನಾಲ್ಕು ದಿನ ಯಾವ ರೆಸಾರ್ಟಿನ ಮುಂದೆ ನಿಂತಿರುತ್ತದೋ!

ಪಾದ್ರಿಗಳ ಕಟ್ಟಳೆ ಹಾಲಿನ ಸಂಘಕ್ಕೇಕೆ ಎನ್ನುವವರಿಗೆ: ಈ ಯೇಸುಸಭೆಯ ಇಟಲಿಯ ಪಾದ್ರಿ ಸಿನ್ನಾಮಿ 17ನೇ ಶತಮಾನದಲ್ಲೇ ಶ್ರೀರಂಗಪಟ್ಟಣಕ್ಕೆ ಬಂದಿದ್ದವರು. ತೀರಾ ಹೊರಗಿನ ಮಾತಲ್ಲ.

ಸಂಘಕ್ಕೆ ತರುವುದಾದರೆ ಆ ಒಬ್ಬನನ್ನು ಸದಸ್ಯರೇ ಚೀಟಿ ಹಾಕಿ ಆರಿಸಬೇಕು. ಮುಂದಿನ ಚುನಾವಣೆಗೆ ಅವನು ನಿಲ್ಲಕೂಡದು. ನಿಂತರೆ ಹೇಳಿದ್ದೆಲ್ಲ ರಾಜಕೀಯವಾಗುತ್ತದೆ. ತಿಂಗಳಿಗೊಂದು ದಿನ ಗೊತ್ತಿರಬೇಕು, ಇಲ್ಲದಿದ್ದರೆ ಜಗಳವಾದಾಗಷ್ಟೇ ಬಾಯಿ ಬರುತ್ತದೆ. ಮೊದಲು ಅಧ್ಯಕ್ಷರೊಬ್ಬರಿಗೇ ಹೇಳಬೇಕು. ಟೀ ಅಂಗಡಿಯಲ್ಲಿ ಹೇಳಿದರೆ ಅದು ಚಾಡಿ. ಅಧ್ಯಕ್ಷರು ಅಲ್ಲೇ ಸಮಜಾಯಿಷಿ ಕೊಡದೆ ಕೇಳಿಸಿಕೊಳ್ಳಬೇಕು. ಕಷ್ಟವಿರುವುದು ಇಲ್ಲೇ.

ಉಪ್ಪಿಟ್ಟಿನ ತಟ್ಟೆ ಹಿಡಿದ ಹಿರಿಯರು ಪಕ್ಕದವರಿಗೆ ಗೊಣಗುತ್ತಿದ್ದರು: "ಯಾರು ಅಂತ ಕೇಳುದ್ರೆ, ನೀನೇ ಅಂದ್ಬುಟ್ಟ. ನಾನ್ ಯೋಳುದ್ರೆ ನಾಳೆ ನನ್ ಹಾಲ್ನ ಫ್ಯಾಟ್ ನೋಡೋರ್ಯಾರು?"