ಹತ್ತು-ಹನ್ನೆರಡರ ಕೋಣೆ, 115 ಹರ್ಟ್ಸ್ ಮತ್ತು ಕಾಣೆಯಾದ ತಂಬೂರಿ

ಮೇ ಕೊನೆಯಲ್ಲಿ ಗುರುಗಳು ಹಾಡಿದ ಆರು ದಾಸರ ಪದಗಳ ಮಿಕ್ಸಿಂಗ್ (ಹಾಡು, ವಾದ್ಯಗಳ ಮಟ್ಟ ಹೊಂದಿಸುವ ಕೆಲಸ) ಮುಗಿಸಿ ಕಳುಹಿಸಿದ್ದೆ. ಮರುದಿನವೇ ಫೋನ್ ಬಂತು. "ಹಾಡು ಚೆನ್ನಾಗಿ ಬಂದಿದೆ. ಆದರೆ ತಂಬೂರಿ ಎಲ್ಲಪ್ಪಾ? ಕಾರಿನಲ್ಲಿ ಹಾಕಿ ಕೇಳಿದರೆ ನಾನೊಬ್ಬನೇ ಶ್ರುತಿ ಇಲ್ಲದೆ ಕೂತು ಹಾಡಿದ ಹಾಗಿದೆ."

ನನ್ನ ಕೋಣೆಯಲ್ಲಿ ತಂಬೂರಿ ತುಂಬಿ ತುಳುಕುತ್ತಿತ್ತು. ಹೆಚ್ಚಾಯಿತೆಂದು ನಾನೇ ಇಳಿಸಿದ್ದೆ. ಅವರ ಶ್ರುತಿ ಕಪ್ಪು ಎರಡು, ಎಂದರೆ ಹಾರ್ಮೋನಿಯಂನ ಎರಡನೆಯ ಕಪ್ಪು ಮನೆ. ತಂಬೂರಿಯ ಮಂದ್ರ ಪಂಚಮ (ಕೆಳಗಿನ ಪ) ಸೆಕೆಂಡಿಗೆ ಸುಮಾರು 116.5 ಕಂಪನದಲ್ಲಿ, ಎಂದರೆ 116.5 ಹರ್ಟ್ಸ್‌ನಲ್ಲಿ ನುಡಿಯುತ್ತದೆ. ಆ ಒಂದು ತಂತಿಯ ಸುತ್ತಲೇ ಈ ಮೂರು ತಿಂಗಳ ಕೆಲಸ ನಡೆದಿದೆ.

ಜೂನ್ 8

ಕೋಣೆ ಶಿರಸಿಯ ಮನೆಯ ಮಹಡಿಯಲ್ಲಿದೆ. ಉದ್ದ 12 ಅಡಿ, ಅಗಲ 10 ಅಡಿ, ಎತ್ತರ ಹೆಚ್ಚುಕಡಿಮೆ 10 ಅಡಿ. ಇಟ್ಟಿಗೆ ಗೋಡೆ, ಸಿಮೆಂಟ್ ಗಾರೆ, ಟೈಲ್ಸ್ ನೆಲ, ಮೇಲೆ ಕಾಂಕ್ರೀಟ್ ತಾರಸಿ. ಚಪ್ಪಾಳೆ ತಟ್ಟಿದರೆ ಎರಡು ಗೋಡೆಗಳ ನಡುವೆ ಟರ್‍ರೆಂದು ಓಡುತ್ತದೆ. ಅಮೆರಿಕದವರ ವಿಡಿಯೋಗಳಲ್ಲಿ ಕಾಣುವ ಜಿಪ್ಸಂ ಹಲಗೆಯ ಗೋಡೆಗಳು ತಗ್ಗಿನ ಧ್ವನಿಗೆ ತಾವೇ ಅದುರಿ ಒಂದಿಷ್ಟನ್ನು ನುಂಗಿಬಿಡುತ್ತವೆ. ನಮ್ಮ ಇಟ್ಟಿಗೆ ಗೋಡೆ ಜಗ್ಗುವುದಿಲ್ಲ, ಬಂದದ್ದನ್ನೆಲ್ಲ ಹಿಂದಕ್ಕೆ ಅಟ್ಟುತ್ತದೆ. ಅವರ ಸಲಹೆಗಳನ್ನು ಇಲ್ಲಿ ಹಾಗೆಯೇ ಪಾಲಿಸುವ ಮೊದಲು ಇದನ್ನು ನೆನಪಿಡಬೇಕು.

ಅಳತೆಗೆ ಯುಮಿಕ್-1 ಮೈಕ್ ಮತ್ತು ಉಚಿತವಾಗಿ ಸಿಗುವ ರೂಮ್ ಇಕ್ಯೂ ವಿಝರ್ಡ್ ತಂತ್ರಾಂಶ. ಕೂತಾಗ ಕಿವಿ ಎಲ್ಲಿರುತ್ತದೋ ಅಲ್ಲಿ, ನೆಲದಿಂದ 1.2 ಮೀಟರ್ ಮೇಲೆ ಮೈಕ್ ನಿಲ್ಲಿಸಿ, 20ರಿಂದ 20,000 ಹರ್ಟ್ಸ್‌ವರೆಗೆ ಏರುವ ಸ್ವರವನ್ನು ಸ್ಪೀಕರ್‌ನಿಂದ ಹೊರಡಿಸುವುದು. ಮಳೆ ಶುರುವಾಗಿದೆ, ತಾರಸಿಯ ಮೇಲಿನ ತಗಡಿನ ಶೀಟಿಗೆ ಹನಿ ಬಿದ್ದರೆ ಅಳತೆ ಕೆಟ್ಟಂತೆ. ರಾತ್ರಿ ಒಂದೂವರೆಗೆ ಮಳೆ ಬಿಟ್ಟ ಹತ್ತು ನಿಮಿಷದಲ್ಲಿ ನಾಲ್ಕು ಅಳತೆ ಸಿಕ್ಕಿತು. 1895ರಲ್ಲಿ ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರದ ಅಧ್ಯಾಪಕ ವ್ಯಾಲೇಸ್ ಸಬೀನ್ ಉಪನ್ಯಾಸದ ಕೋಣೆಯೊಂದರಲ್ಲಿ ಮಾತು ಕಲಸಿಹೋಗುವಂಥ ಮೊಳಗು ಬಿಡಿಸಲು ಹೊರಟಾಗ ಅವರೂ ರಾತ್ರಿಯ ನಿಶ್ಶಬ್ದಕ್ಕೆ ಕಾದವರೇ. ಪಕ್ಕದ ಸಭಾಂಗಣದಿಂದ ಆಸನದ ದಿಂಬುಗಳನ್ನು ಹೊರಿಸಿ ತಂದು, ಆರ್ಗನ್ನಿನ ಕೊಳವೆ ಊದಿಸಿ, ಧ್ವನಿ ಅಡಗಲು ಎಷ್ಟು ಹೊತ್ತು ಹಿಡಿಯಿತೆಂದು ಗಡಿಯಾರ ಹಿಡಿದು ಅಳೆದರು. ಕೋಣೆಯ ಧ್ವನಿಗೆ ಲೆಕ್ಕವೊಂದು ಇದೆ ಎಂದು ಜಗತ್ತಿಗೆ ತಿಳಿದದ್ದು ಆ ದಿಂಬುಗಳಿಂದ.

ನನ್ನ ನಕ್ಷೆಯಲ್ಲಿ ಕಂಡದ್ದು: 47 ಹರ್ಟ್ಸ್ ಬಳಿ ಒಂದು ಉಬ್ಬು, 157ರಲ್ಲಿ ಆಳವಾದ ಗುಂಡಿ, ಮತ್ತು 115ರ ಮೇಲೆ ಗೋಪುರದಂಥ ಉಬ್ಬು, ಸರಾಸರಿಗಿಂತ 12 ಡೆಸಿಬೆಲ್ ಎತ್ತರ. ಉಳಿದ ಸ್ವರಗಳು ಅಡಗಿದ ಮೇಲೂ 115 ಮಾತ್ರ ಹತ್ತಿರ ಹತ್ತಿರ ಒಂದು ಸೆಕೆಂಡ್ ಮೊಳಗುತ್ತಿತ್ತು. ತಂಬೂರಿಯ ಪಂಚಮವನ್ನು ನನ್ನ ಕೋಣೆಯೂ ಜತೆಗೆ ನುಡಿಸುತ್ತಿತ್ತು! ಅದಕ್ಕೇ ಹೆಚ್ಚಾಯಿತೆಂದು ನಾನು ತಂಬೂರಿ ಇಳಿಸಿದ್ದೆ, ಈ ಮೊಳಗಿಲ್ಲದ ಕಾರಿನಲ್ಲಿ ಅದು ಕಾಣೆಯಾಗಿತ್ತು.

ಜೂನ್ 21

ಗುಂಡಿಯ ಕಾರಣ ಸುಲಭವಾಗಿ ಸಿಕ್ಕಿತು. ಸ್ಪೀಕರ್‌ನ ಮುಖ ಅದರ ಬೆನ್ನಿಗಿದ್ದ ಗೋಡೆಯಿಂದ 55 ಸೆಂಟಿಮೀಟರ್ ದೂರವಿತ್ತು. ಗೋಡೆಗೆ ಹೋಗಿ ಮರಳಿದ ಧ್ವನಿ ಅರ್ಧ ಅಲೆಯಷ್ಟು ತಡವಾಗಿ ಬಂದು 157 ಹರ್ಟ್ಸನ್ನು ಅಳಿಸುತ್ತಿತ್ತು. ದೂರವನ್ನು 35ಕ್ಕೆ ಇಳಿಸಿದೆ. ಗುಂಡಿ 247ರ ಬಳಿ ಹೋಯಿತು. ಅಲ್ಲಾದರೆ ಸ್ಪೀಕರ್ ಹಿಂದಿನ ನಾಲ್ಕಿಂಚಿನ ಕಲ್ಲಿನ ಉಣ್ಣೆ (ರಾಕ್‌ವೂಲ್) ಅದನ್ನು ಹಿಡಿಯಬಲ್ಲದು.

ಧ್ವನಿ ಹೀರುವ ಪ್ಯಾನೆಲ್‌ಗಳು ಮನೆಯಲ್ಲೇ ತಯಾರಾದವು. ಘನ ಮೀಟರಿಗೆ 48 ಕಿಲೋ ಸಾಂದ್ರತೆಯ ರಾಕ್‌ವೂಲ್ ಹಲಗೆಗಳು ಹುಬ್ಬಳ್ಳಿಯಿಂದ ಬಂದವು. ಚೌಕಟ್ಟಿಗೆ ಅಕೇಶಿಯಾ ರೀಪು. ಹೊದಿಕೆಗೆ ಅಡಿಕೆ ತುಂಬುವ ಗೋಣಿಚೀಲ: ಬಾಯಿಟ್ಟು ಊದಿದರೆ ಉಸಿರು ಆಚೆ ಹೋಗುವ ಬಟ್ಟೆಯೇ ಇದಕ್ಕೆ ಬೇಕು, ಗೋಣಿಗಿಂತ ಒಳ್ಳೆಯದು ನನಗೆ ಸಿಗಲಿಲ್ಲ. ರಾಕ್‌ವೂಲ್ ಮುಟ್ಟುವಾಗ ಕೈಗವಸು, ಮಾಸ್ಕ್ ಬಿಡಬೇಡಿ. ಮಲೆನಾಡಿನವರು ಗೋಡೆಗೂ ಪ್ಯಾನೆಲ್‌ಗೂ ನಡುವೆ ಎರಡು ಮೂರು ಇಂಚು ಜಾಗ ಬಿಡಲೇಬೇಕು. ತಗ್ಗಿನ ಧ್ವನಿ ಹೆಚ್ಚು ಹೀರುತ್ತದೆ, ಮಳೆಗಾಲದಲ್ಲಿ ಹಿಂಬದಿಗೆ ಬೂಸಲು ಹಿಡಿಯುವುದೂ ಕಡಿಮೆ.

ಪಕ್ಕದ ಗೋಡೆಯಲ್ಲಿ ಪ್ಯಾನೆಲ್ ಎಲ್ಲಿ ಬರಬೇಕೆಂದು ಗುರುತಿಸಲು ಮಗಳು ಕನ್ನಡಿ ಹಿಡಿದು ಗೋಡೆಗುಂಟ ಸರಿಯುತ್ತ ಹೋದಳು. "ಇಲ್ಲಿಯಾ ಅಪ್ಪಾ? ಇನ್ನೂ ಮುಂದಾ?" ನಾನು ಕೂತಲ್ಲಿಂದ ಕನ್ನಡಿಯಲ್ಲಿ ಸ್ಪೀಕರ್ ಕಂಡ ಜಾಗಕ್ಕೆ ಸೀಮೆಸುಣ್ಣದ ಗುರುತು. ಸ್ಪೀಕರ್ ಧ್ವನಿ ಗೋಡೆಗೆ ಬಡಿದು ನನ್ನ ಕಿವಿಗೆ ಬರುವುದು ಅಲ್ಲಿಂದಲೇ. ಮುಂದಿನ ಎರಡು ಮೂಲೆಗಳಲ್ಲಿ ನೆಲದಿಂದ ತಾರಸಿಯವರೆಗೆ ದಪ್ಪ ಉಣ್ಣೆ ನಿಲ್ಲಿಸಿದೆ.

ಜುಲೈ 6

ಚಪ್ಪಾಳೆಯ ಟರ್‍ರ್ ಹೋಯಿತು. ಹಾಡಿನ ವ್ಯಂಜನಗಳು ಬಿಡಿಬಿಡಿಯಾಗಿ ಕೇಳುತ್ತಿವೆ, ಹಾಡುಗಾರರು ಎಡಬಲಗಳ ನಡುವೆ ಗಟ್ಟಿಯಾಗಿ ನಿಂತಿದ್ದಾರೆ. 115ರ ಗೋಪುರ ಮಾತ್ರ 1 ಡೆಸಿಬೆಲ್ ಇಳಿದಿದೆ, ಅಷ್ಟೇ. ಆ ರಾತ್ರಿ ನಿದ್ದೆ ಬರಲಿಲ್ಲ.

ಜುಲೈ 12

ಎದುರುಬದುರು ಇರುವ ಎರಡು ಮೇಲ್ಮೈಗಳ ನಡುವೆ ಯಾವ ಸ್ವರ ನಿಂತು ಮೊಳಗುತ್ತದೆ ಎಂಬ ಲೆಕ್ಕ ಸರಳ: ಧ್ವನಿಯ ವೇಗವನ್ನು ಆ ದೂರದ ಎರಡರಷ್ಟರಿಂದ ಭಾಗಿಸಬೇಕು, ಆಮೇಲೆ ಅದರ ಎರಡರಷ್ಟು, ಮೂರರಷ್ಟು. 25 ಡಿಗ್ರಿಯಲ್ಲಿ ವೇಗ ಸೆಕೆಂಡಿಗೆ 346 ಮೀಟರ್. ಅಗಲ 3.05 ಮೀಟರ್ ಎಂದರೆ 56.7, ಅದರ ಎರಡರಷ್ಟು 113.4. ಹಾಗಾಗಿ ಪಕ್ಕದ ಗೋಡೆಗಳೇ ಕಳ್ಳರೆಂದು ನಂಬಿಕೊಂಡಿದ್ದೆ. ನಕ್ಷೆಯ ತುದಿ ಇದ್ದದ್ದು 115.5ರಲ್ಲಿ. ಎರಡು ಹರ್ಟ್ಸ್ ವ್ಯತ್ಯಾಸ ಟೇಪಿನ ತಪ್ಪಿರಬಹುದೆಂದು ಬಿಟ್ಟಿದ್ದೆ.

ಇವತ್ತು ಏಣಿ ಹಾಕಿ ಎತ್ತರ ಅಳೆದೆ. ಹತ್ತು ಅಡಿಯಲ್ಲ, 9 ಅಡಿ 10 ಇಂಚು. ಎಂದರೆ 3 ಮೀಟರ್. ಲೆಕ್ಕ 115.3ಕ್ಕೆ ಬಂತು.

ಖಚಿತಪಡಿಸಿಕೊಳ್ಳಲು ಸ್ಪೀಕರ್‌ನಿಂದ 115.5ರ ಒಂದೇ ಸ್ವರ ಬಿಟ್ಟು ಕೋಣೆಯಲ್ಲಿ ಓಡಾಡಿದೆ. ಎಡದಿಂದ ಬಲಕ್ಕೆ ಹೋದರೆ ಅಂಥ ಬದಲಾವಣೆ ಇಲ್ಲ. ನಿಂತಲ್ಲೇ ಮೆಲ್ಲಗೆ ಮಂಡಿ ಮಡಚಿ ಕೆಳಗಿಳಿದೆ. ಕಿವಿ ಎರಡೂವರೆ ಅಡಿ ಎತ್ತರಕ್ಕೆ ಬರುತ್ತಿದ್ದಂತೆ ಗುಡುಗುತ್ತಿದ್ದ ಸ್ವರ ಯಾರೋ ವಾಲ್ಯೂಮ್ ಇಳಿಸಿದಂತೆ ಸೋರಿಹೋಯಿತು. ಇನ್ನೂ ಬಗ್ಗಿ ಕಿವಿಯನ್ನು ತಣ್ಣನೆಯ ಟೈಲ್ಸಿಗೆ ಒತ್ತಿದೆ. ಮತ್ತೆ ಅಷ್ಟೇ ಜೋರು. ಐದಾರು ಸಲ ಎದ್ದು ಕೂತು ಮಾಡಿದೆ. ಅಲೆ ನೆಲಕ್ಕೂ ತಾರಸಿಗೂ ನಡುವೆ ನಿಂತಿತ್ತು. ನಾನು ಐದು ವಾರ ಗೋಡೆಗಳನ್ನು ನೋಡುತ್ತಿದ್ದೆ.

115ನ್ನು ಈಕ್ವಲೈಸರ್‌ನಲ್ಲೇ (ಒಂದೊಂದು ಸ್ವರವನ್ನು ಬೇರೆಯಾಗಿ ಏರಿಳಿಸುವ ಸಾಧನ) ಇಳಿಸಿದರೆ ಸಾಲದೇ ಎಂದು ಗೆಳೆಯರೊಬ್ಬರು ಕೇಳಿದರು. ಒಂದು ಜಾಗದ ಮಟ್ಟಿಗೆ ಸಾಕು. ಒಂದೂವರೆ ಅಡಿ ಕೆಳಗೆ ಸ್ವರವೇ ಇಲ್ಲದ ಜಾಗವಿರುವಾಗ ಒಂದೇ ತಿದ್ದುಪಡಿ ಎರಡಕ್ಕೂ ಹೊಂದಲಾರದು.

ಆಗಸ್ಟ್ 3

ತಲೆಯ ಮೇಲೆ ತೂಗುಹಾಕುವ ಪ್ಯಾನೆಲ್‌ಗೆ ಸ್ಟುಡಿಯೊದವರು ಕ್ಲೌಡ್ ಎನ್ನುತ್ತಾರೆ. ತಾರಸಿಗೆ ತಾಗಿದಲ್ಲಿ ಗಾಳಿ ಅಲುಗುವುದಿಲ್ಲ, ಒತ್ತಡ ಮಾತ್ರ ಏರಿಳಿಯುತ್ತದೆ. ಉಣ್ಣೆ ಧ್ವನಿಯನ್ನು ಹಿಡಿಯುವುದು ಗಾಳಿ ಓಡಾಡುವ ಕಡೆ. 115ರ ಅಲೆಗೆ ಆ ಓಡಾಟ ತಾರಸಿಯಿಂದ 75 ಸೆಂಟಿಮೀಟರ್ ಕೆಳಗೆ ಅತಿ ಹೆಚ್ಚು. ಅಷ್ಟು ಕೆಳಗೆ ಇಳಿಸಲು ಆಗದು. ಒಂದಿಂಚಿನ ಸ್ಪಾಂಜ್ ಅಂಟಿಸುವುದರಿಂದ ತಗ್ಗಿನ ಧ್ವನಿಗೆ ಏನೂ ಆಗುವುದಿಲ್ಲ ಏಕೆ ಎಂಬುದಕ್ಕೂ ಉತ್ತರ ಇದೇ. ನಾನು ಮಾಡಿದ್ದು: ಆರು ಇಂಚು ಉಣ್ಣೆ, ಅದರ ಮೇಲೆ ಆರು ಇಂಚು ಖಾಲಿ ಜಾಗ. ಒಂಬತ್ತು ಹಲಗೆ, ಆರಡಿಗೆ ನಾಲ್ಕಡಿ. ಉಣ್ಣೆಯೇ 15 ಕಿಲೋ ದಾಟುತ್ತದೆ. ಚೌಕಟ್ಟು ಸೇರಿದ ಭಾರಕ್ಕೆ ನಾಲ್ಕು ಆ್ಯಂಕರ್ ಬೋಲ್ಟ್, ಸರಪಳಿ. ಸೀಲಿಂಗ್ ಫ್ಯಾನ್ ತೆಗೆಯಬೇಕಾಯಿತು. ಹಿಂದಿನ ಗೋಡೆಗೆ ಬೇರೆ ಫ್ಯಾನ್ ಹಾಕಿಸಿದೆ, ಕೇಳುವಾಗ ಅದನ್ನು ಆರಿಸುತ್ತೇನೆ.

ಆಗಸ್ಟ್ 17

ಮಳೆ ಬಿಟ್ಟದ್ದು ಬೆಳಗಿನ ಜಾವ ಮೂರಕ್ಕೆ. 115ರ ಉಬ್ಬು 12ರಿಂದ 5 ಡೆಸಿಬೆಲ್‌ಗೆ ಇಳಿದಿದೆ. ಮೊಳಗು ಒಂದು ಸೆಕೆಂಡ್‌ನಿಂದ 0.4ಕ್ಕೆ.

ಬೆಳಗಾದ ಮೇಲೆ ಮೊದಲ ಪದದ ಕಡತ ತೆರೆದೆ. ತಂಬೂರಿ ದೂರದಲ್ಲೆಲ್ಲೋ ಸಣ್ಣಗೆ ಕೇಳಿತು, ಗುರುಗಳು ಹೇಳಿದ್ದು ನಿಜ. 4 ಡೆಸಿಬೆಲ್ ಏರಿಸಿದೆ. ಪಂಚಮ ಮೀಟಿದ ಕೂಡಲೇ ಅದರೊಳಗಿಂದ ಏಳುವ ಮೇಲಿನ ಸ್ವರಗಳು, ಜವಾರಿಯ ಆ ಝೇಂಕಾರ, ಈ ಕೋಣೆಯಲ್ಲಿ ಮೊದಲ ಸಲ ಬಿಡಿಸಿ ಕೇಳಿಸಿತು. ತಬಲಾ ಜೋಡಿಯ ಡಗ್ಗದ ಮೀಂಡನ್ನೂ (ಜಾರುವ ಸ್ವರವನ್ನೂ) ಸ್ವಲ್ಪ ಮೇಲೆತ್ತಬೇಕಾಯಿತು.

ಆಗಸ್ಟ್ 24

ಆರೂ ಪದಗಳನ್ನು ಮತ್ತೆ ಕಳುಹಿಸಿದ್ದೇನೆ. ಗುರುಗಳು ಕಾರಿನಲ್ಲೇ ಕೂತು ಫೋನ್ ಮಾಡಿದರು. ಹಿನ್ನೆಲೆಯಲ್ಲಿ ತಂಬೂರಿ ನನಗೂ ಕೇಳುತ್ತಿತ್ತು. "ನಾಲ್ಕನೆಯದರಲ್ಲಿ ಇನ್ನೊಂದು ಚೂರು ಇರಲಿ" ಎಂದರು.

47 ಹರ್ಟ್ಸ್ ಹಾಗೆಯೇ ಉಳಿದಿದೆ. ಅದು ಕೋಣೆಯ ಉದ್ದಕ್ಕೆ ನಿಲ್ಲುವ ಅಲೆ, ನನ್ನ ಬೆನ್ನ ಹಿಂದಿನ ಗೋಡೆಯ ಕೆಲಸ. ಅಲ್ಲಿ ಒಂದಡಿ ದಪ್ಪ ಉಣ್ಣೆ ಬೇಕಾಗುತ್ತದೆ. ಗೋಣಿಚೀಲಗಳನ್ನು ತೊಳೆದು ಹಾಕಿದ್ದೇನೆ, ಈ ಹವೆಯಲ್ಲಿ ಒಣಗಲು ಒಂದು ವಾರ ಬೇಕು.