ಯಾರಿಗೂ ಕಚ್ಚಿಲ್ಲ ಅಲ್ವಾ?

ಈ ವಾರವೆಲ್ಲ ನನ್ನ ತಲೆಯಲ್ಲಿ ಒಂದೇ ಸಾಲು ಓಡುತ್ತಿದೆ. "ಅಕ್ಕಾ, ಮೊದಲು ಒಂದು ಹೇಳಿ, ಯಾರಿಗೂ ಕಚ್ಚಿಲ್ಲ ಅಲ್ವಾ?" ಗುರುತು ಪರಿಚಯ ಇಲ್ಲದ ಒಬ್ಬ ಮನುಷ್ಯ, ಗುರುತು ಪರಿಚಯ ಇಲ್ಲದ ಒಬ್ಬ ಹೆಣ್ಣುಮಗಳಿಗೆ ಫೇಸ್‌ಬುಕ್‌ನಲ್ಲಿ ಬರೆದ ಸಾಲು. ಅಷ್ಟೇ. ಆದರೆ ಅದನ್ನು ಓದಿದ ಮೇಲೆ ನನಗೆ ಬೇರೆ ಕೆಲಸ ಮಾಡೋಕೆ ಆಗಲಿಲ್ಲ.

ಹಾವು ಗುರುತಿಸುವ ಒಂದು ಗುಂಪಿನಲ್ಲಿ ನಾನಿದ್ದೇನೆ. ಯಾರಾದರೂ ಫೋಟೋ ಹಾಕಿದರೆ ಬಲ್ಲವರು ಬಂದು ಇದು ಕೇರೆ, ಇದು ನೀರುಹಾವು, ಇದು ಕೊಳಕುಮಂಡಲ, ದೂರ ಇರಿ ಅಂತ ಹೇಳುತ್ತಾರೆ. ತೋಟದ ಮನೆಯವರಿಗೆ, ಹಳ್ಳಿಯವರಿಗೆ ತುಂಬ ಉಪಕಾರದ ಜಾಗ. ಅಲ್ಲಿ ಮೊನ್ನೆ ರಾತ್ರಿ ಉತ್ತರ ಕರ್ನಾಟಕದ ಕಡೆಯ ಒಬ್ಬರು ಒಂದು ಫೋಟೋ ಹಾಕಿದರು. ನೆಲದ ಮೇಲೆ ಕಂದು ಬಣ್ಣದ ಹಾವು, ಮೈಮೇಲೆ ಬಿಳಿ ಪಟ್ಟೆ, ತಲೆ ಜಜ್ಜಿ ಹೋಗಿದೆ. ಫೋಟೋದ ಮೂಲೆಯಲ್ಲಿ ಕೌದಿಯ ಅಂಚು ಕಾಣುತ್ತಿತ್ತು. ಕೆಳಗೆ ಬರೆದಿದ್ದರು: "ಇದ್ ಯಾವ ಹಾವ್ರಿ? ರಾತ್ರಿ ಕೂಸಿನ ಹಾಸಿಗಿ ಬಾಜೂಕ ಇತ್ರಿ. ನಮ್ಮ ಮನ್ಯಾಗಿನವ್ರು ಬಡದ್ ಹಾಕ್ಯಾರ. ವಿಷದ್ದೇನ್ರಿ?"

ನಾನು ನೋಡುವ ಹೊತ್ತಿಗೆ ಕಾಮೆಂಟುಗಳು ಸಾಲಾಗಿ ಬಿದ್ದಿದ್ದವು. ಕೊಲೆಗಡುಕರು ಅಂತ ಒಬ್ಬರು. ಹಾವಿನ ಜಾಗದಲ್ಲಿ ನೀವು ಮನೆ ಕಟ್ಟಿದ್ದು, ಅದು ನಿಮ್ಮ ಮನೆಗೆ ಬಂದಿದ್ದಲ್ಲ ಅಂತ ಇನ್ನೊಬ್ಬರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಜೈಲಿಗೆ ಹಾಕಿಸಬೇಕು ಅಂತ ಮತ್ತೊಬ್ಬರು, ಅವರು ಅರಣ್ಯ ಇಲಾಖೆಯನ್ನು ಟ್ಯಾಗ್ ಕೂಡ ಮಾಡಿದ್ದರು. ಒಬ್ಬರಂತೂ "ಮೊದಲು ಕನ್ನಡ ಸರಿಯಾಗಿ ಬರೆಯೋದು ಕಲಿಯಿರಿ" ಅಂದಿದ್ದರು. ಮಗುವಿನ ಪಕ್ಕ ಹಾವು ಕಂಡ ತಾಯಿಗೆ! ಆಕೆ ತನ್ನ ಊರಿನಲ್ಲಿ ಎಲ್ಲರೂ ಆಡುವ ಕನ್ನಡ ಬರೆದಿದ್ದರು, ಅದರಲ್ಲಿ ಒಂದು ತಪ್ಪೂ ಇರಲಿಲ್ಲ. ಆ ಕಾಮೆಂಟು ಬರೆದವರ ಬಗ್ಗೆ ನನಗೆ ಈಗಲೂ ಸಿಟ್ಟಿದೆ. 2016ರಲ್ಲಿ ಫೇಸ್‌ಬುಕ್ ಲೈಕ್ ಜೊತೆಗೆ ನಗುವ ಮುಖ, ಅಳುವ ಮುಖ, ಸಿಟ್ಟಿನ ಮುಖ ಎಲ್ಲ ಕೊಟ್ಟಿತಲ್ಲ, ಅದರಲ್ಲಿ ಆ ಸಿಟ್ಟಿನ ಕೆಂಪು ಮುಖಗಳೇ ಆಕೆಯ ಪೋಸ್ಟಿನ ಕೆಳಗೆ ಜಾಸ್ತಿ ಇದ್ದವು. ಅಷ್ಟು ಜನ ಬಂದು ಹೋಗಿದ್ದರು. ಕೇಳಿದ ಪ್ರಶ್ನೆಗೆ ಒಬ್ಬರೂ ಉತ್ತರ ಕೊಟ್ಟಿರಲಿಲ್ಲ.

ಆಮೇಲೆ ಇವರು ಬಂದರು. ಪ್ರೊಫೈಲ್‌ನಲ್ಲಿ ಮುಖ ಇಲ್ಲ, ಒಂದು ಹಳೇ ಬೈಕಿನ ಫೋಟೋ. "ಅಕ್ಕಾ, ಮೊದಲು ಒಂದು ಹೇಳಿ, ಯಾರಿಗೂ ಕಚ್ಚಿಲ್ಲ ಅಲ್ವಾ? ಮಗು ಹುಷಾರಾಗಿದೆಯಾ?"

ಆಕೆ ತಕ್ಷಣ ಉತ್ತರ ಕೊಟ್ಟರು. ಅಂದರೆ ಅಷ್ಟು ಹೊತ್ತೂ ಫೋನ್ ಹಿಡಿದುಕೊಂಡೇ ಕೂತಿದ್ದರು, ಬಂದ ಬೈಗುಳವನ್ನೆಲ್ಲ ಓದುತ್ತಲೇ ಇದ್ದರು. "ಇಲ್ರಿ ಅಣ್ಣಾರ, ಕೂಸು ಆರಾಮ ಐತ್ರಿ. ನೀವೊಬ್ರ ಕೇಳಿದ್ರಿ ನೋಡ್ರಿ."

ನೀವೊಬ್ರ ಕೇಳಿದ್ರಿ. ಇದನ್ನು ನಾನು ಎಷ್ಟು ಸಲ ಓದಿದೆನೋ. ದೂರು ಅಲ್ಲ, ಅಳು ಅಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು. ಅದಕ್ಕೇ ಅದು ಅಷ್ಟು ಚುಚ್ಚುತ್ತದೆ.

ಆಮೇಲೆ ಅವರು ನಿಧಾನಕ್ಕೆ ಬರೆಯುತ್ತಾ ಹೋದರು. ಇದು ತೋಳದ ಹಾವು, ವಿಷ ಇಲ್ಲ, ಹಲ್ಲಿ ತಿನ್ನೋಕೆ ಮನೆಯೊಳಗೆ ಬರುತ್ತೆ, ಗೋಡೆ ಕೂಡ ಹತ್ತುತ್ತೆ. "ಆದರೆ ನೀವು ಹೆದರಿದ್ದು ಸರಿಯಾಗಿಯೇ ಇದೆ ಅಕ್ಕಾ. ತುಂಬ ವಿಷದ ಕಟ್ಟುಹಾವು ಹೆಚ್ಚು ಕಡಿಮೆ ಹೀಗೇ ಕಾಣುತ್ತೆ. ರಾತ್ರಿ ಹೊತ್ತು, ಪಕ್ಕದಲ್ಲಿ ಮಗು ಮಲಗಿರುವಾಗ ನಮಗೂ ಗುರುತು ಸಿಗೋದು ಕಷ್ಟ." ಪಟ್ಟೆಗಳು ಕುತ್ತಿಗೆ ಹತ್ತಿರ ಎದ್ದು ಕಂಡು ಬಾಲದ ಕಡೆ ಮಾಸಿದ್ದರೆ ಸಾಮಾನ್ಯವಾಗಿ ತೋಳದ ಹಾವು, ತಲೆಯ ಕಡೆ ಮಾಸಿ ಬಾಲದ ಕಡೆ ಎದ್ದು ಕಂಡರೆ ಕಟ್ಟುಹಾವು ಇರಬಹುದು ಅಂತ ಹೇಳಿ, ಆದರೆ ಇದನ್ನು ನೋಡೋಕೆ ಅಂತ ಮಾತ್ರ ಹತ್ತಿರ ಹೋಗಬೇಡಿ ಅಂದರು. ಮುಂದಿನ ಸಲ ಹಾವು ಕಂಡರೆ ಮಗುವನ್ನು ಎತ್ತಿಕೊಂಡು ಹೊರಗೆ ಬನ್ನಿ, ಒಬ್ಬರು ಮಾತ್ರ ದೂರದಿಂದ ಅದರ ಮೇಲೆ ಕಣ್ಣಿಟ್ಟಿರಿ, ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ನೆಲದ ಮೇಲೆ ಮಲಗುವವರಾದರೆ ಸೊಳ್ಳೆಪರದೆ ಕಟ್ಟಿ ಅದರ ಅಂಚನ್ನು ಹಾಸಿಗೆ ಕೆಳಗೆ ಸಿಕ್ಕಿಸಿ, ಕಟ್ಟುಹಾವಿಗೆ ಅದಕ್ಕಿಂತ ಒಳ್ಳೇ ತಡೆ ಇಲ್ಲ. ಇಷ್ಟೆಲ್ಲ ಆದ ಮೇಲೆ ಕೊನೆಗೆ ಒಂದು ಸಾಲು: "ಇನ್ನು ಮೇಲೆ ಹೊಡೆಯಬೇಡಿ ಅಕ್ಕಾ. ಫೋಟೋ ನೋಡಿ ನನಗೆ ಬೇಜಾರಾಯಿತು."

ಆಕೆ ಬರೆದರು, "ಹೊಡ್ಯಂಗಿಲ್ರಿ ಅಣ್ಣಾರ. ಅವ್ರಿಗೂ ಹೇಳ್ತೀನ್ರಿ."

ನೋಡಿ, ಇವರು ಹೇಳಿದ್ದೂ ಉಳಿದವರು ಹೇಳಿದ್ದೂ ಒಂದೇ. ಹಾವು ಕೊಲ್ಲಬೇಡಿ. ಇವರು ಅದನ್ನು ಕೊನೆಗೆ ಹೇಳಿದರು, ಅವರು ಮೊದಲಿಗೆ ಹೇಳಿದರು. ನಡುವೆ ಮಗುವನ್ನು ವಿಚಾರಿಸಿದ್ದು, ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದು, ನಿಮ್ಮ ಹೆದರಿಕೆ ಸರಿ ಅಂದಿದ್ದು. ಇಷ್ಟು ಹೊತ್ತಿಗೆ ಆಕೆ ಕೇಳೋಕೆ ತಯಾರಾಗಿದ್ದರು. ಈ ಮನುಷ್ಯ ಸುಮ್ನೆ ಸಿಹಿ ಮಾತಾಡಲಿಲ್ಲ, ಹಾವು ಕೊಂದಿದ್ದು ಪರವಾಗಿಲ್ಲ ಅಂತಲೂ ಅನ್ನಲಿಲ್ಲ. ತನಗೆ ಬೇಜಾರಾಗಿದೆ ಅಂತ ನೇರವಾಗಿಯೇ ಹೇಳಿದರು.

ಕಟ್ಟುಹಾವಿನ ಭಯ ಏನು ಅಂತ ನನಗೆ ಗೊತ್ತು. ನಾನು ಚಿಕ್ಕವಳಿದ್ದಾಗ ನಮ್ಮ ಬೀದಿಯ ಒಬ್ಬ ಹುಡುಗ ಬೆಳಗಿನ ಜಾವ ಹೊಟ್ಟೆನೋವು ಅಂತ ಎದ್ದ. ರಾತ್ರಿ ಊಟದ್ದೇನೋ ಆಗಿರಬೇಕು ಅಂತ ಓಮಿನ ಕಾಳು ಕೊಟ್ಟರು. ಸ್ವಲ್ಪ ಹೊತ್ತಿಗೆ ಕಣ್ಣಿನ ರೆಪ್ಪೆ ಎತ್ತೋಕೆ ಆಗುತ್ತಿಲ್ಲ ಅಂದ. ನಿದ್ದೆ ಸಾಲದು, ಮಲಗು ಅಂದರು. ಕಟ್ಟುಹಾವು ಕಚ್ಚಿದರೆ ನೋವು ಅಷ್ಟಾಗಿ ಇರಲ್ಲ, ಊತ ಬರಲ್ಲ, ಗಾಯ ಹುಡುಕಿದರೂ ಕಾಣಿಸದೇ ಇರಬಹುದು. ನೆಲದ ಮೇಲೆ ಮಲಗಿದವರಿಗೆ ನಿದ್ದೆಯಲ್ಲೇ ಕಚ್ಚಿ ಹೋಗಿಬಿಡುತ್ತೆ. ಆ ಹುಡುಗ ಉಳಿಯಲಿಲ್ಲ. ಅವನ ಅಮ್ಮ ಆಮೇಲೆ ಎಷ್ಟೋ ವರ್ಷ ಹಗ್ಗ ಕಂಡರೂ ಬೆಚ್ಚುತ್ತಿದ್ದರು. ಹಾಗಾಗಿ ಆ ಫೋಟೋದ ಮೂಲೆಯಲ್ಲಿದ್ದ ಕೌದಿ ನೋಡಿದಾಗ ನನಗೆ ಹಾವಿಗಿಂತ ಮೊದಲು ಅದೇ ಕಣ್ಣಿಗೆ ಬಿತ್ತು.

ಇದು ಯಾವುದೋ ಒಂದು ಮನೆಯ ಕಥೆಯಲ್ಲ. ನಮ್ಮ ದೇಶದಲ್ಲಿ 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತಿದ್ದಾರೆ ಅನ್ನುವ ಅಂದಾಜು 2020ರಲ್ಲಿ ಬಂತು. ಹೆಚ್ಚಿನವರು ಹಳ್ಳಿಯವರು, ಸಾವುಗಳಲ್ಲಿ ಅರ್ಧದಷ್ಟು ಮಳೆಗಾಲದಲ್ಲಿ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು, ಸರ್ಕಾರಿ ಆಸ್ಪತ್ರೆಯಾಗಲಿ ಖಾಸಗಿಯಾಗಲಿ ಲೆಕ್ಕ ಕೊಡಲೇಬೇಕು. ಒಳ್ಳೇ ಕೆಲಸ. ಆದರೆ ಲೆಕ್ಕಕ್ಕೆ ಸಿಗಬೇಕಾದರೆ ಜನ ಆಸ್ಪತ್ರೆಗೆ ಬರಬೇಕು. ಬರೋದಕ್ಕೆ ಮೊದಲು ಯಾರನ್ನಾದರೂ ಕೇಳಬೇಕು.

ನನ್ನ ಕೊರಗು ಇರೋದು ಇಲ್ಲೇ. ಹಾವು ಕಚ್ಚಿದ ಮೇಲೂ ನಮ್ಮ ಜನ ಮಂತ್ರ ಹಾಕುವವರ ಹತ್ತಿರ ಹೋಗುತ್ತಾರೆ, ಮೂಢರು, ಬುದ್ಧಿ ಇಲ್ಲ ಅಂತ ನಾವೆಲ್ಲ ಬೈಯುತ್ತೇವೆ. ಯಾಕೆ ಹೋಗುತ್ತಾರೆ ಅಂತ ಯೋಚನೆ ಮಾಡಿದ್ದೇವಾ? ನಂಬಿಕೆ ಒಂದು ಕಾರಣ, ಹತ್ತಿರ ಇರುತ್ತಾರೆ ಅನ್ನೋದು ಇನ್ನೊಂದು. ಅದರ ಜೊತೆಗೆ, ಮಂತ್ರ ಹಾಕುವವನು ಬಂದವರನ್ನು ಕೂರಿಸುತ್ತಾನೆ. ಏನಾಯ್ತು ತಾಯಿ, ಯಾವಾಗ ಆಯ್ತು, ಎಲ್ಲಿ ಮಲಗಿದ್ದಿರಿ ಅಂತ ಮಾತಾಡಿಸುತ್ತಾನೆ. ಅವನ ಹತ್ತಿರ ಔಷಧಿ ಇಲ್ಲ, ಅವನಿಂದ ಜೀವ ಉಳಿಯಲ್ಲ. ಆದರೆ ಮಾತಿದೆ. ಔಷಧಿ ಇರುವ ಕಡೆ, ತಿಳಿವಳಿಕೆ ಇರುವ ಕಡೆ ಎಷ್ಟೋ ಸಲ ಮೊದಲು ಸಿಗೋದು ಬೈಗುಳ. ಯಾಕೆ ಲೇಟು, ಕಚ್ಚಿದ ಕೈಕಾಲಿಗೆ ಯಾಕೆ ಬಿಗಿಯಾಗಿ ಕಟ್ಟಿದಿರಿ, ಗಾಯ ಯಾಕೆ ಕೊಯ್ದಿರಿ. ಕಟ್ಟಬಾರದು, ಕೊಯ್ಯಬಾರದು, ಬಾಯಿ ಹಾಕಿ ಹೀರಬಾರದು, ಕಚ್ಚಿದ ಕೈಕಾಲು ಅಲ್ಲಾಡಿಸದೆ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೋಗಬೇಕು, ನಿಜ. ಇದೆಲ್ಲ ಗೊತ್ತಿರುವವರೇ ಆ ಗುಂಪಿನಲ್ಲಿ ಬೈದವರು. ಕೆಲವರು ನಿಜಕ್ಕೂ ದೊಡ್ಡ ತಿಳಿವಳಿಕೆಯವರು, ಅವರ ಬರಹದಿಂದ ನಾನೇ ಎಷ್ಟೋ ಕಲಿತಿದ್ದೇನೆ. ಹಾವಿನ ಮೇಲೆ ಅವರಿಗಿರುವ ಪ್ರೀತಿಯೂ ನಿಜ. ಆ ಪ್ರೀತಿಯ ಒಂದು ತುಣುಕು ಆ ತಾಯಿಯ ಕಡೆಗೆ ಯಾಕೆ ಹೋಗಲಿಲ್ಲ ಅಂತ ನನಗೆ ಅರ್ಥ ಆಗುತ್ತಿಲ್ಲ.

ಗೆಳತಿಯೊಬ್ಬಳಿಗೆ ಇದನ್ನೆಲ್ಲ ಹೇಳಿದೆ. ಅವಳು ಒಪ್ಪಲಿಲ್ಲ. "ಮೆತ್ತಗೆ ಹೇಳಿದರೆ ಯಾರು ಕೇಳ್ತಾರೆ? ಬೈದರೇ ಭಯ ಇರೋದು" ಅಂದಳು. ಭಯ ಇರುತ್ತೆ, ನಿಜ. ಆ ಭಯಕ್ಕೆ ಜನ ಹಾವು ಕೊಲ್ಲೋದು ಬಿಡಲ್ಲ, ಫೋಟೋ ಹಾಕೋದು ಬಿಡುತ್ತಾರೆ. ಹೊಡೆದು ತಿಪ್ಪೆಗೆ ಎಸೆದು ಸುಮ್ಮನಾಗುತ್ತಾರೆ. ಮುಂದೆ ಒಂದು ದಿನ ನಿಜವಾಗಿ ಕಟ್ಟುಹಾವೇ ಬಂದಾಗ, ಮಗು ಹೊಟ್ಟೆನೋವು ಅಂದಾಗ, ಕೇಳೋಕೆ ಯಾರಿದ್ದಾರೆ ಅವರಿಗೆ?

ನಾವು ಕೆಟ್ಟ ಜನ ಅಂತ ನನಗೆ ಅನ್ನಿಸಿಲ್ಲ. 2018ರಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ, ಮರುವರ್ಷ ಬೆಳಗಾವಿ, ಬಾಗಲಕೋಟೆ ಕಡೆ ನೆರೆ ಬಂದಾಗ ಇದೇ ಫೇಸ್‌ಬುಕ್, ಇದೇ ವಾಟ್ಸಾಪ್‌ನಲ್ಲಿ ಅಕ್ಕಿ, ಹೊದಿಕೆ, ಲಾರಿ ಎಲ್ಲ ಒಟ್ಟಾದವು. 2021ರ ಏಪ್ರಿಲ್, ಮೇ ತಿಂಗಳಲ್ಲಿ ಬೆಡ್ ಬೇಕು, ಆಕ್ಸಿಜನ್ ಬೇಕು ಅಂತ ಯಾರೋ ಬರೆದರೆ ಇನ್ಯಾರೋ ರಾತ್ರಿಯೆಲ್ಲ ಎದ್ದು ಕೂತು ಒಂದೊಂದೇ ನಂಬರಿಗೆ ಫೋನ್ ಮಾಡಿ, ಈಗ ಖಾಲಿ ಇದೆ, ಈಗಲೇ ಹೊರಡಿ ಅಂತ ತಿಳಿಸುತ್ತಿದ್ದರು. ಆಗ ಯಾರೂ ಯಾರ ಕನ್ನಡ ತಿದ್ದಲಿಲ್ಲ. ದೊಡ್ಡ ಕಷ್ಟ ಬಂದಾಗ ಒಬ್ಬರಿಗೊಬ್ಬರು ಆಗೋದು ನಮಗೆ ಬರುತ್ತೆ. ಮಾಮೂಲಿ ದಿನದ ಒಂದು ಮಾಮೂಲಿ ಪ್ರಶ್ನೆಗೆ ಅದೇ ಮನಸ್ಸು ಯಾಕೋ ಬರಲ್ಲ. ಆ ತಾಯಿಗೆ ಮಾತ್ರ ಅದು ಮಾಮೂಲಿ ರಾತ್ರಿ ಆಗಿರಲಿಲ್ಲ. ಸ್ಕ್ರೀನಿನ ಈ ಕಡೆ ಕೂತವರಿಗೆ ಅದು ಗೊತ್ತಾಗೋದು ಹೇಗೆ? ಕೇಳಿದರೆ ಮಾತ್ರ.

ಇನ್ನೂ ಒಂದು ಅನ್ನಿಸಿತು. ಆ ಬೈಗುಳಗಳನ್ನು ಮತ್ತೆ ಓದಿದರೆ, ಹೆಚ್ಚಿನವು ಆಕೆಗೆ ಅಂತ ಬರೆದದ್ದೇ ಅಲ್ಲ. ಗುಂಪಿನ ಬೇರೆಯವರು ಓದಲಿ, ಹೌದು ಹೌದು ಅನ್ನಲಿ ಅಂತ ಬರೆದದ್ದು. "ಇಂಥವರಿಗೆ", "ಈ ಜನಕ್ಕೆ", "ಇವರೆಲ್ಲ" ಅಂತಲೇ ಇದೆ. ಎದುರಿಗೆ ನಿಂತವರ ಬಗ್ಗೆ ಅವರ ಮುಂದೆಯೇ ಇನ್ನೊಬ್ಬರ ಜೊತೆ ಮಾತಾಡಿದ ಹಾಗೆ. ಬೈಕಿನ ಫೋಟೋದವರು ಮಾತ್ರ "ಅಕ್ಕಾ" ಅಂತ ಶುರು ಮಾಡಿದರು. ಅವರು ಬರೆದದ್ದು ಒಬ್ಬರಿಗೆ. ನಾವೆಲ್ಲ ಸುಮ್ನೆ ಓದಿಕೊಂಡೆವು. ಅವರ ಮಾತಿಗೆ ಜಾಸ್ತಿ ಲೈಕ್ ಕೂಡ ಬರಲಿಲ್ಲ, ಅದರ ಕಡೆ ಅವರ ಗಮನ ಇತ್ತು ಅಂತಲೂ ನನಗೆ ಅನ್ನಿಸಲ್ಲ.

ನನಗೆ ತಡೆಯೋಕೆ ಆಗದೆ ಅವರಿಗೆ ಮೆಸೆಂಜರ್‌ನಲ್ಲಿ ಬರೆದೆ. ನಿಮ್ಮ ಮಾತು ತುಂಬ ಹಿಡಿಸಿತು, ಹಾಗೆ ಕೇಳಬೇಕು ಅಂತ ಹೇಗೆ ಹೊಳೆಯಿತು ಅಂದೆ. ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರ ಅನ್ನಿಸಿದಂತಿತ್ತು. "ಮೇಡಂ, ಹಾವು ಹಿಡಿಯೋಕೆ ಯಾರ ಮನೆಗೆ ಹೋದರೂ ನಾವು ಮೊದಲು ಕೇಳೋದೇ ಅದು. ಕಚ್ಚಿದ್ದರೆ ಹಾವನ್ನು ಬಿಟ್ಟು ಆಸ್ಪತ್ರೆಗೆ ಕರ್ಕೊಂಡು ಹೋಗಬೇಕಲ್ವಾ" ಅಂದರು. ಅಷ್ಟೇ ಇರೋದು. ನಾನು ದೊಡ್ಡ ಗುಣ ಅಂದುಕೊಂಡದ್ದು ಅವರಿಗೆ ದಿನದ ಕೆಲಸ. ಮನೆ ಮನೆಗೆ ಹೋಗಿ, ಬಾಗಿಲಲ್ಲಿ ನಡುಗುತ್ತಾ ನಿಂತವರ ಮುಖ ನೋಡಿ ಬಂದ ಅಭ್ಯಾಸ. ಆ ಮುಖ ಫೋಟೋದಲ್ಲಿ ಇರಲಿಲ್ಲ. ಆದರೂ ಅವರಿಗೆ ಕಂಡಿತು.

ಈಗ ಆ ಪೋಸ್ಟಿನ ಮೇಲೆ ಬೇರೆ ತಕರಾರು ಎದ್ದಿದೆ. ಸತ್ತ ಹಾವಿನ ಫೋಟೋ ಹಾಕಬಾರದು ಅಂತ ಗುಂಪಿನಲ್ಲಿ ನಿಯಮ ಇದೆಯಂತೆ, ತೆಗೆಯಿರಿ ಅಂತ ಕೆಲವರು ಒತ್ತಾಯ ಮಾಡುತ್ತಿದ್ದಾರೆ. ನಿಯಮ ಯಾಕೆ ಇದೆ ಅಂತ ನನಗೆ ಗೊತ್ತು, ಅದನ್ನು ನೋಡಿ ಇನ್ನೊಬ್ಬರು ಹೊಡೆಯೋದು ಬೇಡ ಅಂತ. ಆದರೆ ಅದೇ ಪೋಸ್ಟಿನ ಕೆಳಗೆ ನಿನ್ನೆ ಆಕೆ ಮತ್ತೆ ಬಂದು ಕೇಳಿದ್ದಾರೆ: "ಅಣ್ಣಾರ, ಮೂರು ಮಂದಿ ಮಲಗೋವಷ್ಟು ದೊಡ್ಡ ಸೊಳ್ಳಿಪರದಿ ಎಲ್ಲಿ ಸಿಗತೈತ್ರಿ, ಎಷ್ಟಕ್ಕ ಬರತೈತಿ?" ಅದಕ್ಕೆ ಉತ್ತರಗಳೂ ಬರುತ್ತಿವೆ. ಒಬ್ಬರು ಸಂತೆಯಲ್ಲಿ ನೋಡಿ ಅಂದಿದ್ದಾರೆ. ಇನ್ನೊಬ್ಬರು ಚೌಕದ್ದೇ ತಗೊಳ್ಳಿ, ನಾಲ್ಕು ಮೂಲೆಗೆ ಮೊಳೆ ಹೊಡೆದು ಕಟ್ಟಬಹುದು, ಮಡಚುವಂಥದ್ದಾದರೆ ಕೆಳಗೆ ಬಟ್ಟೆ ಇರೋದನ್ನೇ ನೋಡಿ ಅಂತ ವಿವರವಾಗಿ ಬರೆದಿದ್ದಾರೆ. ಹಾವಿನ ಜಾತಿ ಬಗ್ಗೆ ಈಗ ಅಲ್ಲಿ ಯಾರೂ ಮಾತಾಡುತ್ತಿಲ್ಲ. ಫೋಟೋ ಬೇಕಾದರೆ ತೆಗೆಯಿರಿ, ಆ ಮಾತುಕತೆ ಮಾತ್ರ ಉಳಿಸಿ ಅಂತ ನಾನು ಅಡ್ಮಿನ್‌ಗೆ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.